ಸೈಕಲ್ಲಿಗೊಂದು ಪ್ರಸ್ಥಾನ

ನಮ್ಮ ಮನೆಯ ಹಜಾರಕ್ಕೆ ಕೆಂಪು ಗಾರೆಯ ನೆಲ. ಅದರ ಮೇಲೆ ಪ್ರತಿ ಭಾನುವಾರ ಸೀಮೆಸುಣ್ಣದಲ್ಲಿ ಹೆಬ್ಬಾಳ ಹುಟ್ಟುತ್ತಿತ್ತು, ಯಲಹಂಕ ಬೆಳೆಯುತ್ತಿತ್ತು, ಅಲ್ಲಿಂದ ದೇವನಹಳ್ಳಿಯವರೆಗೆ ಬಿಳಿ ಗೆರೆಯೊಂದು ಅಂಕುಡೊಂಕಾಗಿ ಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ನಮ್ಮ ಅತ್ತೆ ಒದ್ದೆ ಬಟ್ಟೆ ಹಿಡಿದು ಬಂದು ಎಲ್ಲವನ್ನೂ ಒರೆಸಿ ಹಾಕುತ್ತಿದ್ದರು. ಮುಂದಿನ ಭಾನುವಾರ ಗಂಡಸರು ಮತ್ತೆ ಹೆಬ್ಬಾಳದಿಂದ ಶುರು. ಆ ವರ್ಷ ನಮ್ಮ ಮನೆಯಲ್ಲಿ ದೇವನಹಳ್ಳಿ ಎಷ್ಟು ಸಲ ಅಳಿಸಿಹೋಯಿತೋ ಯಾರಿಗೂ ಗೊತ್ತಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನು ಮದುವೆಯಾಗಿ ಧಾರವಾಡದಿಂದ ಆರ್.ಟಿ. ನಗರಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಆಗ ನಮ್ಮ ಬಡಾವಣೆಯಲ್ಲಿ ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ. ನಮ್ಮ ಮನೆಗೂ ಅದೇ ಸಾಲಿನ ಉತ್ತರದ ತುದಿಯ ಮನೆಗೂ ನಡುವೆ ಬರೀ ಹುಲ್ಲು, ಮುಳ್ಳು, ಕಟ್ಟಿಹಾಕಿದ ಎಮ್ಮೆಗಳು. ನನ್ನ ಗಂಡ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಹೋಗಿಬರಲು ಕಂಪನಿ ಬಸ್ಸಿತ್ತು. ಸೈಕಲ್ಲು ಇದ್ದದ್ದು ತರಕಾರಿಗೆ, ಹಿಟ್ಟಿನ ಗಿರಣಿಗೆ, ಮತ್ತೆ ಆ ವರ್ಷ ಸಂಕ್ರಾಂತಿಯ ನಂತರ, ಮಹತ್ಕಾರ್ಯಕ್ಕೆ.

ಮಹತ್ಕಾರ್ಯ ಶುರುವಾದದ್ದು ಒಂದು ಬುಟ್ಟಿ ದ್ರಾಕ್ಷಿಯಿಂದ. ಅದೇ ಕಾರ್ಖಾನೆಯ ಸ್ನೇಹಿತರೊಬ್ಬರು ಯಲಹಂಕದ ಆಚೆಯ ತೋಟದಿಂದ ಕಪ್ಪು ದ್ರಾಕ್ಷಿ ತಂದುಕೊಟ್ಟರು. ತಿನ್ನುತ್ತಾ ತಿನ್ನುತ್ತಾ, "ಮಚ್ಚಾ, ಇದನ್ನ ಬುಟ್ಟೀಲಿ ತಿನ್ನೋದಲ್ಲ ಕಣೋ, ಚಪ್ಪರದ ಕೆಳಗೆ ನಿಂತ್ಕೊಂಡು ತಿನ್ಬೇಕು" ಅಂದರು. ನನ್ನ ಗಂಡನಿಗೆ ಅಷ್ಟು ಸಾಕಾಯಿತು. ಸೈಕಲ್ಲಿನಲ್ಲಿ ಹೋಗುವುದು ಅಂತಾಯಿತು. ಬಳ್ಳಾರಿ ರಸ್ತೆಯ ಟಾರಿನ ಮೇಲೆ ಹಾಲಿನವರೂ ಹೋಗುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಹೆಬ್ಬಾಳ ದಾಟಿದ ಮೇಲೆ ಟಾರು ಮುಟ್ಟಲೇಬಾರದು, ಕೊಡಿಗೆಹಳ್ಳಿಯಿಂದ ಒಳದಾರಿ ಹಿಡಿದು ಜಲ್ಲಿ, ಗರಸು, ಗಾಡಿಜಾಡಿನಲ್ಲೇ ತೋಟದಿಂದ ತೋಟಕ್ಕೆ ಹೋಗಬೇಕು ಅಂತ ತೀರ್ಮಾನವಾಯಿತು. ಮೊದಲು ಸೀಬೆ, ಆಮೇಲೆ ದ್ರಾಕ್ಷಿ, ಕೊನೆಗೆ ದೇವನಹಳ್ಳಿಯ ಚಕ್ಕೋತ. ಆಮೇಲೆ ಕಾಲಲ್ಲಿ ಜೀವ ಇದ್ದರೆ ನಂದಿಬೆಟ್ಟದ ಬುಡ.

ದ್ರಾಕ್ಷಿ ತಂದವರೇ ನಕ್ಷೆಯ ಮುಖ್ಯಸ್ಥರಾದರು. ಅವರನ್ನು ನಕ್ಷೆಯವರು ಅಂತಲೇ ಕರೆಯುತ್ತೇನೆ. ಸೀಮೆಸುಣ್ಣ ಅವರ ಜೇಬಿನಲ್ಲೇ ಇರುತ್ತಿತ್ತು. ಇನ್ನೊಬ್ಬರು ಹಿಂದಿನ ಬೀದಿಯ ಬ್ಯಾಂಕಿನವರು. ಅವರ ಖಾತೆ ಅಪಾಯ. ನಾಯಿ ಅಟ್ಟಿಸಿಕೊಂಡು ಬಂದರೆ, ಹಾವು ಅಡ್ಡ ಬಂದರೆ, ದ್ರಾಕ್ಷಿಗೆ ಹೊಡೆದ ಔಷಧಿ ಹೊಟ್ಟೆಗೆ ಹೋದರೆ ಅಂತ ಅವರು ಒಂದೊಂದು ಭಾನುವಾರ ಒಂದೊಂದು ಹೊಸ ಅಪಾಯ ಹಿಡಿದುಕೊಂಡೇ ಬರುತ್ತಿದ್ದರು. ನನ್ನ ಗಂಡ ಇಬ್ಬರಿಗೂ ಹೌದೌದು ಅನ್ನುವ ಅಧ್ಯಕ್ಷರು. ಉಪ್ಪಿಟ್ಟು ಮತ್ತು ಕಾಫಿಯ ಖಾತೆ ಯಾರದೆಂದು ಬೇರೆ ಹೇಳಬೇಕಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಇವರು ಕುಲಾವಿಗೆ ಬಣ್ಣ ಯಾವುದಿರಬೇಕು ಅಂತಲೇ ಯುಗಾದಿಯವರೆಗೆ ಜಗಳವಾಡಿದರು. ಜಲ್ಲಿಯ ಮೇಲೆ ಚಕ್ರದಲ್ಲಿ ಗಾಳಿ ಜಾಸ್ತಿ ಇರಬೇಕೋ ಕಡಿಮೆ ಇರಬೇಕೋ ಅನ್ನುವ ಚರ್ಚೆ ಮೂರು ಕಾಫಿ ದಾಟಿತು. ದ್ರಾಕ್ಷಿಯ ಕಾಲ ಮುಗಿಯಿತು. ಪರವಾಗಿಲ್ಲ, ಮಾವಿನ ಕಾಲಕ್ಕೆ ಹೋಗೋಣ ಅಂದರು. ಮಾವು ಬಂತು, ಉಪ್ಪಿನಕಾಯಿಯಾಗಿ ಜಾಡಿಗೆ ಹೋಯಿತು. ಮಳೆ ಬಂತು. ಮಳೆಯಲ್ಲಿ ಗರಸು ಹೇಗೆ ಕೂರುತ್ತದೆ ಅಂತ ಮತ್ತೊಂದು ಚರ್ಚೆ ಬಂತು.

ಹಾಗಂತ ಅಭ್ಯಾಸ ಮಾಡಲಿಲ್ಲ ಅನ್ನುವ ಹಾಗಿಲ್ಲ. ಒಂದು ದಿನ ಮೂವರೂ ಹೆಬ್ಬಾಳದ ಕೆರೆ ಏರಿಯ ಮೇಲೆ ಹೊರಟು, ನೀರಹಕ್ಕಿ ನೋಡಿ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ವಾಪಸಾದರು. ಇನ್ನೊಂದು ದಿನ ನಿಜವಾದ ಜಲ್ಲಿಯ ಪರೀಕ್ಷೆ ಅಂತ ಗೊರಗುಂಟೆಪಾಳ್ಯಕ್ಕೆ ಹೋದರು. ಅಲ್ಲಿ ತುಮಕೂರು ರಸ್ತೆಯ ಕೆಲಸಕ್ಕೆ ಜಲ್ಲಿ ಸುರಿದಿದ್ದರಂತೆ. ನಕ್ಷೆಯವರು ದೂರದಿಂದ ಜೋರಾಗಿ ತುಳಿದುಕೊಂಡು ಬಂದು ಅದರ ಮೇಲೆ ಹತ್ತಿಸಿದರು. ಸೈಕಲ್ಲು ಅಲ್ಲೇ ನಿಂತಿತು, ಅವರು ಮುಂದೆ ಹೋದರು. ಟೀ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ಗ್ಲಾಸು ಕೆಳಗಿಟ್ಟು ಚಪ್ಪಾಳೆ ಹೊಡೆದರಂತೆ. ಮುಂದಿನ ಭಾನುವಾರ ನಕ್ಷೆ ಬರೆಯಲು ಅವರು ಎಡಗೈ ಬಳಸಬೇಕಾಯಿತು, ಹಾಗಾಗಿ ಯಲಹಂಕ ಸ್ವಲ್ಪ ಪೂರ್ವಕ್ಕೆ ಸರಿಯಿತು.

ನಾನು ಇದನ್ನೆಲ್ಲ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ನಗು ಬರುತ್ತಿತ್ತು. ನಗುವಿನ ಹಿಂದೆ ಹೊಟ್ಟೆಯೂ ಉರಿಯುತ್ತಿತ್ತು. ಯಾಕೆಂದರೆ ಆ ಮನೆಯಲ್ಲಿ ಜಲ್ಲಿಯ ಮೇಲೆ ಸೈಕಲ್ಲು ಹೊಡೆಯಲು ನಿಜವಾಗಿ ಬರುತ್ತಿದ್ದದ್ದು ನನಗೊಬ್ಬಳಿಗೆ. ಧಾರವಾಡ ಏರಿಳಿತದ ಊರು. ನಮ್ಮ ಓಣಿಯಿಂದ ಕಾಲೇಜಿಗೆ ಇಳಿಯುವ ದಾರಿ ಕೆಂಪು ಮಣ್ಣು, ಕಲ್ಲು. ಅಣ್ಣನ ಗಂಡಸರ ಸೈಕಲ್ಲಿನಲ್ಲಿ, ಅಡ್ಡಪಟ್ಟಿಯ ಕೆಳಗಿಂದ ಕಾಲು ತೂರಿಸಿ ಒಳಪೆಡಲು ತುಳಿಯುತ್ತಾ ನಾನು ಕಲಿತದ್ದು. ಆಮೇಲೆ ಲೇಡೀಸ್ ಸೈಕಲ್ಲು ಬಂತು. ಮದುವೆಯ ವಾರ ಅದನ್ನು ಚಿಕ್ಕಪ್ಪನ ಮಗಳಿಗೆ ಕೊಟ್ಟರು. ಯಾರೂ ನನ್ನನ್ನು ಕೇಳಲಿಲ್ಲ. ಮದುವೆಯಾದವಳಿಗೆ ಸೈಕಲ್ಲು ಯಾಕೆ ಅನ್ನುವುದು ಆಗ ಉತ್ತರ ಬೇಕಾದ ಪ್ರಶ್ನೆಯೇ ಆಗಿರಲಿಲ್ಲ. ಆರ್.ಟಿ. ನಗರಕ್ಕೆ ಬಂದ ಮೇಲೆ ನಾನು ಎಲ್ಲಿಗೆ ಹೋದರೂ ಯಾರದಾದರೂ ಹಿಂದೆ, ಕ್ಯಾರಿಯರಿನ ಮೇಲೆ ಒಂದೇ ಕಡೆಗೆ ಕಾಲು ಹಾಕಿಕೊಂಡು. ಆ ತೋಟದ ದಾರಿಗೆ ನಾನೂ ಹೋಗಬೇಕು, ನನ್ನ ಕಾಲಿನಿಂದಲೇ ತುಳಿದುಕೊಂಡು ಹೋಗಬೇಕು ಅನ್ನುವ ಆಸೆ ಮಾವಿನಕಾಯಿ ಹೆಚ್ಚುವಾಗಲೂ ರವೆ ಹುರಿಯುವಾಗಲೂ ನನ್ನನ್ನು ಬಿಡುತ್ತಿರಲಿಲ್ಲ.

ಒಮ್ಮೆ ತಡೆಯಲಾರದೆ ಬಾಯಿ ಹಾಕಿದೆ. "ಜಲ್ಲಿ ಮ್ಯಾಲೆ ಹ್ಯಾಂಡಲ್ ಬಿಗಿ ಹಿಡೀಬಾರದ್ರೀ. ಸಡಲ ಬಿಡಬೇಕು, ಅದ ತನ್ನ ದಾರಿ ಹುಡುಕ್ಕೋತದ. ಮುಂದಿನ ಬ್ರೇಕ್ ಅಂತೂ ಮುಟ್ಟಲೇಬಾರದು."

ಮೂವರೂ ತಲೆಯೆತ್ತಿ ನೋಡಿದರು. ಬ್ಯಾಂಕಿನವರು ಬಹಳ ವಿನಯದಿಂದ, "ಅತ್ತಿಗೆ, ಇನ್ನೊಂದರ್ಧ ಲೋಟ ಕಾಫಿ ಸಿಗತ್ತಾ?" ಅಂದರು.

ಆ ದಿನ ಸಂಜೆ ಗಂಡನನ್ನು ನೇರವಾಗಿಯೇ ಕೇಳಿದೆ. "ನಾನೂ ಬರ್ಲೇನ್ರೀ?"

"ಬಾ. ಬರ್ಬೇಡ ಅಂತ ಯಾರ್ ಹೇಳಿದ್ರು? ಅಮ್ಮನ್ನ ಒಂದ್ಮಾತು ಕೇಳ್ಬೇಕು, ಅಷ್ಟೆ."

ಆ ಒಂದು ಮಾತನ್ನು ಅವರು ಕೇಳಲಿಲ್ಲ. ಕೆಟ್ಟವರಲ್ಲ, ಪಾಪ. ಅದನ್ನೂ ಒಂದು ಯೋಜನೆ ಮಾಡಿಕೊಂಡಿದ್ದರು, ಅಷ್ಟೆ. ನಾನಂತೂ ಅತ್ತೆಯನ್ನು ಕೇಳುವ ಧೈರ್ಯ ಮಾಡಲಿಲ್ಲ. ಅವರು ಗದರುವವರಲ್ಲ. ಆದರೆ ಅವರ ಹತ್ತಿರ ಎಲ್ಲದಕ್ಕೂ ಒಂದು ಶಾಸ್ತ್ರವಿತ್ತು, ಸೊಸೆ ಸೈಕಲ್ಲು ತುಳಿಯುವುದಕ್ಕೆ ಯಾವ ಶಾಸ್ತ್ರವೂ ಇದ್ದಂತಿರಲಿಲ್ಲ. ನಾನು ಮಾಡಿದ್ದು ಇಷ್ಟೇ. ಸಂಜೆ ಸಂಜೆ ವರಾಂಡದಲ್ಲಿ ಕೂತು ಆ ಸೈಕಲ್ಲಿನ ಕಡ್ಡಿಕಡ್ಡಿಯನ್ನೂ ಒರೆಸುವುದು, ಸ್ಟ್ಯಾಂಡು ಹಾಕಿ ಪೆಡಲನ್ನು ಕೈಯಲ್ಲೇ ತಿರುಗಿಸಿ ಚಕ್ರ ಓಡುವುದನ್ನು ನೋಡುವುದು. ಒಂದು ದಿನ ಅತ್ತೆ ಹೂಬತ್ತಿ ಹೊಸೆಯುತ್ತಾ ನನ್ನನ್ನೇ ನೋಡುತ್ತಿದ್ದರು. "ಎಷ್ಟು ತಿರುಗಿಸಿದ್ರೂ ಅದು ಇದ್ದಲ್ಲೇ ಇರತ್ತಲ್ಲೇ" ಅಂದರು. ನಾನು ನಾಚಿಕೊಂಡು ಎದ್ದು ಒಳಗೆ ಹೋದೆ.

ಅತ್ತೆಯ ಶಾಸ್ತ್ರಗಳಲ್ಲಿ ದೊಡ್ಡದು ಪ್ರಸ್ಥಾನ. ಈಗಿನವರಿಗೆ ಹೇಳಬೇಕು. ನೀವು ಊರಿಗೆ ಹೊರಡುವ ದಿನ ಆ ದಿಕ್ಕಿಗೆ ಶೂಲೆ, ಅಂದರೆ ಒಳ್ಳೆಯದಲ್ಲ, ಅಂತ ಪಂಚಾಂಗ ಹೇಳಿದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ಒಳ್ಳೆಯ ಹೊತ್ತು ನೋಡಿ, ನಿಮ್ಮ ಚೀಲವನ್ನೋ ಗಂಟನ್ನೋ ಹೋಗುವ ದಿಕ್ಕಿನ ಬೇರೊಬ್ಬರ ಮನೆಯಲ್ಲಿ ಇಟ್ಟುಬರಬೇಕು. ಅಲ್ಲಿಗೆ ನೀವು ಹೊರಟಂತೆಯೇ. ಆಮೇಲೆ ಶೂಲೆಯಿರುವ ದಿನ ಹೊರಟರೂ ದೋಷವಿಲ್ಲ. ಆದರೆ ಇಟ್ಟ ವಸ್ತುವನ್ನು ಪ್ರಯಾಣ ಮಾಡದೆ ವಾಪಸು ಮನೆಗೆ ತರುವಂತಿಲ್ಲ. ನಮ್ಮ ಮಾವ ಬದುಕಿದ್ದಾಗ ತಿರುಪತಿಗೆ ಹೋಗಲು ತಮ್ಮ ಛತ್ರಿಯನ್ನು ಪ್ರಸ್ಥಾನ ಇಟ್ಟಿದ್ದರಂತೆ. ಅಂದೇ ಜಡಿಮಳೆ ಹಿಡಿಯಿತು. ಮಾವ ಎರಡು ದಿನ ಗೋಣಿಚೀಲ ಹೊದ್ದು ಆಫೀಸಿಗೆ ಹೋದರು. ಛತ್ರಿ ಮಾತ್ರ ಪಕ್ಕದ ಮನೆಯಲ್ಲಿ ಒಣಗಿಕೊಂಡು ತಿರುಪತಿಯ ಧ್ಯಾನದಲ್ಲಿತ್ತು.

ಇದಕ್ಕೆ ಅತ್ತೆ ಸೇರಿಸಿದ್ದ ಇನ್ನೊಂದು ಕಟ್ಟಳೆಯಿತ್ತು. ಯಾರು ಹೊತ್ತುಕೊಂಡು ಹೋಗಿ ಇಟ್ಟರೋ ಅವರೇ ಹೊರಟಂತೆ, ಆದ್ದರಿಂದ ಇಟ್ಟವರೇ ಹೋಗಬೇಕು. ಒಮ್ಮೆ ಮಾವನ ಚೀಲವನ್ನು ಅವರ ತಮ್ಮ ಉಪಕಾರಕ್ಕೆಂದು ಹೊತ್ತು ಇಟ್ಟುಬಂದರಂತೆ. ಅತ್ತೆ ಅವರನ್ನು ಬಿಡಲೇ ಇಲ್ಲ. ಉಟ್ಟ ಪಂಚೆಯಲ್ಲೇ ಯಶವಂತಪುರ ಸ್ಟೇಷನ್ನಿನಿಂದ ರೈಲು ಹತ್ತಿಸಿ, ತುಮಕೂರಿನ ತನಕವಾದರೂ ಹೋಗಿಬನ್ನಿ ಅಂತ ಕಳಿಸಿದರು. ಈ ಕಥೆಯನ್ನು ನನಗೆ ಮದುವೆಯಾದ ತಿಂಗಳಲ್ಲೇ ಹೇಳಿದ್ದರು. ಹಬ್ಬಹಬ್ಬಕ್ಕೂ ಯಾರಾದರೊಬ್ಬರು ಅದನ್ನು ತೆಗೆದು ನಗುತ್ತಿದ್ದರು.

ಶ್ರಾವಣ ಮುಗಿಯುತ್ತಾ ಬಂತು. ಗೌರಿಹಬ್ಬಕ್ಕೆ ಸ್ವಲ್ಪ ಮೊದಲು ಒಂದು ಬುಧವಾರ ಎಲ್ಲರಿಗೂ ರಜೆ ಬಂತು. ಕಾರ್ಖಾನೆಗೂ ರಜೆ, ಬ್ಯಾಂಕಿಗೂ ರಜೆ, ಮಳೆಗೂ ರಜೆ ಇರಬಹುದು ಅಂತ ನಕ್ಷೆಯವರ ಅಂದಾಜು. ಎರಡನೆಯ ಬೆಳೆಯ ದ್ರಾಕ್ಷಿ ಇನ್ನೂ ಚಪ್ಪರದಲ್ಲಿದೆ ಅನ್ನುವ ಸುದ್ದಿಯೂ ಬಂತು. ಆ ಭಾನುವಾರ ಸೀಮೆಸುಣ್ಣದ ಗೆರೆ ಎಂದಿಗಿಂತ ದಪ್ಪವಾಗಿತ್ತು. ಹೊರಡುವುದೇ ಅಂತ ಮೂವರೂ ಒಬ್ಬರಿಗೊಬ್ಬರು ಕೈ ಕೊಟ್ಟರು.

ಅತ್ತೆ ಪಂಚಾಂಗ ತೆಗೆದರು. "ಬುಧವಾರ ಉತ್ತರಕ್ಕೆ ಶೂಲೆ" ಅಂದರು.

ಬ್ಯಾಂಕಿನವರ ಮುಖದಲ್ಲಿ ಒಂದು ಸಮಾಧಾನ ಕಾಣಿಸಿತು. "ಹಾಗಾದ್ರೆ ಬೇಡ ಬಿಡಿ, ದಸರಾಕ್ಕೆ ನೋಡೋಣ" ಅಂದರು.

"ದಸರಾ ಯಾಕೆ? ಸೋಮವಾರ ಪ್ರಸ್ಥಾನ ಇಟ್ರೆ ಆಯ್ತು. ರಾಹುಕಾಲ ಕಳೆದ ಮೇಲೆ ಹೊತ್ತು ಚೆನ್ನಾಗಿದೆ. ಸೈಕಲ್ಲನ್ನೇ ಇಡೋಣ, ಉತ್ತರದ ಮನೆ ಟೀಚರ ಹತ್ರ."

ಸಾಲಿನ ತುದಿಯ ಮನೆಯಲ್ಲಿ ಶಾಲೆ ಟೀಚರೊಬ್ಬರು ಒಬ್ಬರೇ ಇದ್ದರು. ಅವರ ವರಾಂಡ ಅತ್ತೆಯ ಪಾಲಿಗೆ ಉತ್ತರ ದಿಕ್ಕಿನ ಸರ್ವ ಪ್ರಯಾಣಗಳ ತಂಗುದಾಣ. ಅಧ್ಯಕ್ಷರು ಎಂದಿನಂತೆ ಹೌದೌದು ಅಂದರು. ಸೋಮವಾರ ತಮಗೆ ಬೆಳಗಿನ ಪಾಳಿ, ಆ ಹೊತ್ತಿಗೆ ತಾವು ಕಾರ್ಖಾನೆಯಲ್ಲಿರುತ್ತೇವೆ ಅನ್ನುವುದು ಅವರ ತಲೆಗೆ ಬರಲಿಲ್ಲ. ಎಂಟು ತಿಂಗಳ ಯೋಜನೆಯಲ್ಲಿ ನಾಯಿ, ಹಾವು, ಗಾಳಿ, ಗರಸು ಎಲ್ಲ ಇತ್ತು. ಪಾಳಿ ಒಂದು ಬಿಟ್ಟುಹೋಗಿತ್ತು.

ಸೋಮವಾರ ಅತ್ತೆ ಸೈಕಲ್ಲಿನ ಹ್ಯಾಂಡಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಬೆಲ್ಲಿಗೆ ಒಂದು ಕಣಗಿಲೆ ಸಿಕ್ಕಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ತಗೊಂಡ್ಹೋಗಿ ಇಟ್ಟು ಬಾ" ಅಂದರು.

"ನಾನೇನ್ರೀ ಅತ್ತಿ?"

"ಇನ್ಯಾರು? ನನ್ನ ಮೊಣಕಾಲು ನೋಡಿದೀಯಲ್ಲ. ಹೊತ್ತು ಮೀರ್ತಾ ಇದೆ, ಹೊರಡು."

ಗೇಟಿನವರೆಗೆ ತಳ್ಳಿಕೊಂಡು ಹೋದೆ. ಗೇಟು ದಾಟಿದೆ. ಮುಂದೆ ಖಾಲಿ ಸೈಟುಗಳ ಪಕ್ಕ ನೆಟ್ಟಗೆ ಮಣ್ಣಿನ ರಸ್ತೆ, ಎಮ್ಮೆಗಳನ್ನು ಬಿಟ್ಟರೆ ಯಾರೂ ಇಲ್ಲ. ಕೈಯಲ್ಲಿ ಹ್ಯಾಂಡಲ್ಲು ಬೆಚ್ಚಗಿತ್ತು. ಹಿಂದಿನಿಂದ ಅತ್ತೆ, "ಬೇಗ ಬೇಗ! ಹೊತ್ತು ಮೀರತ್ತೆ!" ಅಂತ ಕೂಗಿದರು. ಬೇಗ ಅಂದರೆ ಹೇಗೆ? ನನಗೆ ಗೊತ್ತಿದ್ದದ್ದು ಒಂದೇ ಉಪಾಯ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅಡ್ಡಪಟ್ಟಿಯ ಕೆಳಗಿಂದ ಕಾಲು ತೂರಿಸಿ, ಒಳಪೆಡಲು ತುಳಿದುಬಿಟ್ಟೆ. ಮೊದಲೆರಡು ಸುತ್ತು ಸೈಕಲ್ಲು ಹಾವಿನ ಹಾಗೆ ಹೊರಳಿತು. ಆಮೇಲೆ ಕಾಲಿಗೆ ಎಲ್ಲ ನೆನಪಾಯಿತು. ಎಮ್ಮೆಗಳು ತಲೆಯೆತ್ತಿ ನೋಡಿದವು. ಟೀಚರು ಬಾಗಿಲಲ್ಲೇ ನಿಂತವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ವರಾಂಡದಲ್ಲಿ ಸೈಕಲ್ಲು ನಿಲ್ಲಿಸಿ ಹಿಂತಿರುಗಿ ನೋಡಿದರೆ ದೂರದಲ್ಲಿ ಅತ್ತೆ ಗೇಟಿನ ಹತ್ತಿರವೇ ನಿಂತಿದ್ದರು.

ನೆರಿಗೆ ಇಳಿಬಿಟ್ಟುಕೊಂಡು ನಡೆದು ವಾಪಸು ಬಂದೆ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ತುಳಿದದ್ದಷ್ಟೇ, ಅದೇ ಕೊನೆಯಿರಬಹುದು ಅಂದುಕೊಂಡೆ. ಅತ್ತೆ ಮುಖ ಬಿಗಿದುಕೊಂಡು ಹುಣಸೆಹಣ್ಣು ಕಿವುಚುತ್ತಾ ಕೂತರು.

ಪಾಳಿ ಮುಗಿಸಿ ಗಂಡ ಬಂದ ಮೇಲೆ ಅತ್ತೆ ಬಾಯಿ ಬಿಟ್ಟರು. "ಪ್ರಸ್ಥಾನ ಆಯ್ತು. ಇವಳೇ ತಗೊಂಡ್ಹೋಗಿ ಇಟ್ಳು."

"ಒಳ್ಳೇದಾಯ್ತು."

"ಒಳ್ಳೇದೇನು? ಇಟ್ಟವರೇ ಹೋಗ್ಬೇಕು."

ನನ್ನ ಗಂಡ ಲೋಟ ಬಾಯಿಯವರೆಗೆ ತಂದಿದ್ದವರು ಅಲ್ಲೇ ನಿಲ್ಲಿಸಿದರು. "ಅಮ್ಮಾ, ಹೋಗ್ತಿರೋದು ನಾನು."

"ನೀನು ಹೊರಟಿಲ್ವಲ್ಲಪ್ಪ. ಹೊರಟಿರೋಳು ಅವಳು. ನಿಮ್ಮ ಚಿಕ್ಕಪ್ಪ ತುಮಕೂರಿಗೆ ಹೋಗಲಿಲ್ವಾ?"

"ಹಾಗಾದ್ರೆ ಸೈಕಲ್ ವಾಪಸ್ ತರ್ತೀನಿ, ಮತ್ತೆ ನಾನೇ ಇಡ್ತೀನಿ."

"ತರೋ ಹಾಗಿಲ್ಲ."

"ಹಾಗಾದ್ರೆ ನಾನು?"

"ನೀನು ಬಾಡಿಗೆ ಸೈಕಲ್ ತಗೊಂಡು ಅವಳ ಜೊತೆ ಹೋಗು. ಒಬ್ಬಳೇ ಕಳಿಸೋಕಾಗತ್ತಾ? ನಿನಗೆ ಶೂಲೆ ಇದ್ದೇ ಇದೆ, ಬಾಯಿಗೆ ಒಂದಚ್ಚು ಬೆಲ್ಲ ಹಾಕ್ಕೊಂಡು ಹೊರಡು, ಅಷ್ಟೋ ಇಷ್ಟೋ ಕಡಿಮೆಯಾಗತ್ತೆ."

ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಹಾಲು ಉಕ್ಕಿ ಸುರಿದದ್ದು ಕಾಣಿಸಲಿಲ್ಲ. ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ಏನೆಂದು ಹೇಳಲಿ? ಮದುವೆಯ ದಿನ ಆಗದಿದ್ದಷ್ಟು ಆಯಿತು. ಗಂಡನ ಮುಂದೆ ಇದನ್ನು ಹೇಳಿದ್ದೇನೆ, ಅವರು ಈಗಲೂ ಅದಕ್ಕೆ ಕೊಂಕು ಮಾತಾಡುತ್ತಾರೆ.

ಮಂಗಳವಾರ ಸಂಜೆ ಬ್ಯಾಂಕಿನವರಿಂದ ಸುದ್ದಿ ಬಂತು. ಅವರಿಗೆ ಬೆಳಿಗ್ಗೆಯಿಂದ ಸೀನು. ಸೀನು ಸಣ್ಣದೇ, ಆದರೆ ಮುಂದೆ ಏನಾಗಬಹುದೆಂದು ಹೇಳಲಾಗದು. ನಕ್ಷೆಯವರು ಮಾತ್ರ ಹೆಬ್ಬಾಳದಲ್ಲಿ ಸಿಗುತ್ತೇನೆ ಅಂದರು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಇನ್ನೊಂದು ತೊಡಕು ನನ್ನ ತಲೆಗೆ ಹೊಳೆದಿತ್ತು. ಒಳಪೆಡಲು ತುಳಿದುಕೊಂಡು ದೇವನಹಳ್ಳಿಗೆ ಹೋಗಲಾಗುವುದಿಲ್ಲ. ಸೀರೆಯುಟ್ಟು ಅಡ್ಡಪಟ್ಟಿಯ ಮೇಲೆ ಕಾಲು ಹಾಕಲೂ ಆಗುವುದಿಲ್ಲ. ಎಂಟು ತಿಂಗಳ ಯೋಜನೆಯಲ್ಲಿ ಇದನ್ನು ಯಾರು ಯೋಚಿಸಿರುತ್ತಾರೆ? ಸ್ನಾನ ಮಾಡಿ ಪೆಚ್ಚಾಗಿ ನಿಂತಿದ್ದೆ. ಅತ್ತೆ ತಮ್ಮ ಪೆಟ್ಟಿಗೆ ತೆಗೆದು ಹದಿನೆಂಟು ಮೊಳದ ಹತ್ತಿ ಸೀರೆಯೊಂದನ್ನು ಹೊರಗಿಟ್ಟರು. ಹಬ್ಬಕ್ಕೆ, ಮಡಿಗೆ ಅಂತ ಅವರು ಉಡುತ್ತಿದ್ದದ್ದು. "ಇಲ್ಲಿ ಬಾ" ಅಂದು ನನ್ನನ್ನು ನಿಲ್ಲಿಸಿಕೊಂಡು, ತಾವೇ ನೆರಿಗೆ ಹಿಡಿದು, ಕಚ್ಚೆ ಎಳೆದು ಬಿಗಿದು ಸಿಕ್ಕಿಸಿದರು. "ಈಗ ಕುದುರೆ ಹತ್ತಿದ್ರೂ ಬಿಚ್ಚಲ್ಲ" ಅಂದರು. ನಾನು ಬಗ್ಗಿ ನಮಸ್ಕಾರ ಮಾಡಿದೆ. ಗಂಡ ಬಾಯಲ್ಲಿ ಬೆಲ್ಲ ಇಟ್ಟುಕೊಂಡು ನೋಡುತ್ತಿದ್ದರು, ಹಾಗಾಗಿ ಏನೂ ಹೇಳಲಾಗಲಿಲ್ಲ.

ಹೆಬ್ಬಾಳದ ಏರಿಯ ಹತ್ತಿರ ನಕ್ಷೆಯವರು ದಿಕ್ಸೂಚಿ ಹಿಡಿದು ನಿಂತಿದ್ದರು. ಕಚ್ಚೆ ಹಾಕಿಕೊಂಡು ಸೈಕಲ್ಲಿನ ಮೇಲೆ ಬರುತ್ತಿದ್ದ ನನ್ನನ್ನು ಕಂಡು ಅವರ ದಿಕ್ಸೂಚಿ ಎತ್ತ ತೋರಿಸಿತೋ ಏನೋ. "ಅತ್ತಿಗೆ ಎಲ್ಲಿವರೆಗೆ?" ಅಂದರು. "ನೀವೆಲ್ಲಿತನಕ ಬರ್ತೀರೋ ಅದಕ್ಕಿಂತ ಒಂದ್ ಹೆಜ್ಜಿ ಮುಂದ" ಅಂದೆ. ಅಷ್ಟು ಸೊಕ್ಕು ಬಂದಿತ್ತು ನೋಡಿ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟು ತಿಂಗಳು ನೆಲದ ಮೇಲೆ ನೋಡಿದ್ದ ಬಿಳಿ ಗೆರೆಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಕೊಡಿಗೆಹಳ್ಳಿ ದಾಟಿದ್ದೇ ಶೂಲೆ ಗಂಡನ ಹಿಂದಿನ ಚಕ್ರಕ್ಕೆ ತಗುಲಿ ಪಂಕ್ಚರ್ ಆಯಿತು. ಯಲಹಂಕದ ಆಚೆ ಒಂದು ಕಡೆ ಹೊಸದಾಗಿ ಜಲ್ಲಿ ಸುರಿದಿದ್ದರು, ಮುಷ್ಟಿ ಮುಷ್ಟಿ ಗಾತ್ರದ ಕಲ್ಲು, ಮೇಲೊಂದಿಷ್ಟು ಗರಸು. ಇಬ್ಬರೂ ಹ್ಯಾಂಡಲ್ಲನ್ನು ಕಳ್ಳನ ರಟ್ಟೆ ಹಿಡಿದ ಹಾಗೆ ಹಿಡಿದು ಹೊರಟರು, ಇಬ್ಬರೂ ಇಳಿದು ತಳ್ಳಿದರು. ನಾನು ಸಡಿಲ ಬಿಟ್ಟು ತುಳಿದೆ. ಜಂಬ ಜಾಸ್ತಿಯಾಗಿ ಹಿಂತಿರುಗಿ ನೋಡಲು ಹೋಗಿ ಚರಂಡಿಗೂ ಬಿದ್ದೆ. ಮೊಣಕೈ ತರಚಿತು. ಕಚ್ಚೆ ಮಾತ್ರ ಬಿಚ್ಚಲಿಲ್ಲ.

ದಿಕ್ಸೂಚಿ ನಮ್ಮನ್ನು ಒಂದು ದ್ರಾಕ್ಷಿ ತೋಟದ ಬೇಲಿಗೆ ತಂದು ನಿಲ್ಲಿಸಿತು. ದಾರಿ ಅಲ್ಲಿಗೆ ಮುಗಿದಿತ್ತು. ತೋಟದಾಕೆ ನನ್ನ ಕಚ್ಚೆ ನೋಡಿ, ಸೈಕಲ್ಲು ನೋಡಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಇಂಗೆ ಚಪ್ರುದ್ ಕೆಳ್ಗೇ ಓಗ್ಬುಡಿ ತಾಯೀ, ತಲೆ ಬಗ್ಗುಸ್ಕೊಂಡು. ಆ ಕಡೆ ಗಾಡಿದಾರಿ ಸಿಕ್ತದೆ" ಅಂದಳು. ಮೂವರೂ ತಲೆ ಬಗ್ಗಿಸಿ ಸೈಕಲ್ಲು ನಡೆಸಿಕೊಂಡು ಒಳಗೆ ಹೋದೆವು. ಮೇಲೆ ಎಲೆಯ ಚಾವಣಿ. ಬಿಸಿಲು ಕಾಸು ಕಾಸಾಗಿ ನೆಲಕ್ಕೆ ಬೀಳುತ್ತಿತ್ತು. ಕೆನ್ನೆಗೆ ತಾಗುವ ಹಾಗೆ ಗೊಂಚಲು. ಆಕೆ ಒಂದನ್ನು ಮುರಿದು ನನ್ನ ಕೈಗೆ ಕೊಟ್ಟಳು. ನನಗೆ ಅಳು ಬಂತು. ಮೊಣಕೈ ಉರಿ ಅಂತ ಗಂಡನಿಗೆ ಹೇಳಿದೆ, ಆದರೆ ಉರಿಗಲ್ಲ.

ನಂದಿಬೆಟ್ಟ ದೂರದಲ್ಲಿ ಕೂತು ನಮ್ಮನ್ನು ನೋಡಿತು, ನಾವು ಅದನ್ನು ನೋಡಿದೆವು, ಇಬ್ಬರೂ ಅಷ್ಟಕ್ಕೇ ಸುಮ್ಮನಾದೆವು. ದೇವನಹಳ್ಳಿಯ ತೋಟದಲ್ಲಿ ಎರಡು ಚಕ್ಕೋತ ತೆಗೆದುಕೊಂಡು, ಮೂವರೂ ಮರ್ಯಾದೆ ಬಿಟ್ಟು ಬಳ್ಳಾರಿ ರಸ್ತೆಯ ಟಾರು ಹಿಡಿದು ಮನೆಗೆ ಬಂದೆವು.

ಅತ್ತೆ ಗೇಟಿನಲ್ಲೇ ಇದ್ದರು. ಮಗನನ್ನು ಏನೂ ಕೇಳಲಿಲ್ಲ. ನನ್ನ ಮೊಣಕೈಗೆ ಅರಿಸಿನ ಹಚ್ಚುತ್ತಾ, ದಾರಿಯಲ್ಲಿ ಏನೇನು ಕಂಡೆ ಅಂತ ಒಂದೊಂದಾಗಿ ಕೇಳಿದರು. ಚಪ್ಪರ ಎಷ್ಟು ಎತ್ತರ ಇರತ್ತೆ? ಕೆಳಗೆ ಬಿಸಿಲು ಬೀಳತ್ತಾ? ಹಣ್ಣು ಕೈಗೆ ಎಟುಕತ್ತಾ, ಏಣಿ ಬೇಕಾ? ಚಕ್ಕೋತದ ಭಾರಕ್ಕೆ ಕೊಂಬೆ ನೆಲ ಮುಟ್ಟತ್ತಂತೆ, ಹೌದಾ? ನಾನು ಹೇಳುತ್ತಾ ಹೋದೆ. ಗೌರಿಹಬ್ಬಕ್ಕೆ ಒಂದು ಚಕ್ಕೋತವನ್ನು ದೇವರ ಮೇಲೆ ಹಣ್ಣು ತೂಗಬಿಡುವ ಫಲಾವಳಿಗೆ ಕಟ್ಟಿದರು. ಕಟ್ಟುವಾಗ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ವರ್ಷಾ ವರ್ಷಾ ಕಟ್ತೀನಿ. ಮರದಲ್ಲಿ ಹೇಗಿರತ್ತೆ ಅಂತ ನೋಡೇ ಇಲ್ಲ" ಅಂದರು. ಅವರು ಹುಟ್ಟಿದ್ದು ಯಲಹಂಕದಲ್ಲಿ. ಮದುವೆಯಾಗಿ ಬಂದದ್ದು ಮಲ್ಲೇಶ್ವರಕ್ಕೆ, ಅಲ್ಲಿಂದ ಆರ್.ಟಿ. ನಗರಕ್ಕೆ. ಆಮೇಲೆ ಅವರ ಪ್ರಪಂಚಕ್ಕೆ ಉತ್ತರದ ಗಡಿ ಟೀಚರ ಮನೆ.

ಮುಂದಿನ ಭಾನುವಾರ ಗಂಡ ಈ ಮಾತನ್ನು ಸ್ನೇಹಿತರ ಮುಂದಿಟ್ಟರು. ಅಮ್ಮನನ್ನು ತೋಟ ನೋಡಲು ಕರೆದುಕೊಂಡು ಹೋಗಬೇಕು. ಮೊಣಕಾಲು ನೋವಿನವರು, ಹೇಗೆ ಹೋಗುವುದು? ನಕ್ಷೆಯವರು ಜೇಬಿನಿಂದ ಸೀಮೆಸುಣ್ಣ ತೆಗೆದರು. ಜಟಕಾದಲ್ಲೋ, ಬಸ್ಸಿನಲ್ಲೋ? ಬಸ್ಸಾದರೆ ಮೆಟ್ಟಿಲು ಎತ್ತರ ಅಂದರು, ಸೀನು ವಾಸಿಯಾಗಿದ್ದ ಬ್ಯಾಂಕಿನವರು. ಮತ್ತೆ ಹೆಬ್ಬಾಳ ಹುಟ್ಟಿತು, ಯಲಹಂಕ ಬೆಳೆಯಿತು. ದಸರಾ ಬಂತು, ಹೋಯಿತು. ದೀಪಾವಳಿ ಬಂತು. ಗೆರೆ ಇನ್ನೂ ದೇವನಹಳ್ಳಿ ಮುಟ್ಟಿರಲಿಲ್ಲ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಅತ್ತೆ ಎಂದಿನ ಹಾಗೆ ನೆಲ ಒರೆಸಿದರು. ಕೈ ತೊಳೆದುಕೊಂಡು ಒಳಗೆ ಹೋಗಿ ಒಂದು ಬಟ್ಟೆಯ ಚೀಲ ಹಿಡಿದು ಬಂದರು. ಒಂದು ಸೀರೆ, ಅವರ ಕನ್ನಡಕದ ಡಬ್ಬಿ, ಎಲೆಅಡಿಕೆಯ ಸಂಚಿ, ಇಷ್ಟೇ ಅದರಲ್ಲಿದ್ದದ್ದು. ಆ ಮನೆಯಲ್ಲಿ ಮಾವನಿಗೆ, ಮಗನಿಗೆ, ಮೈದುನನಿಗೆ, ಬಂದುಹೋಗುವ ನೆಂಟರಿಗೆಲ್ಲ ಅವರು ಹೊತ್ತು ನೋಡಿ ಪ್ರಸ್ಥಾನ ಇಡಿಸಿದ್ದರು. ಅವರದು ಅಂತ ಒಂದು ಗಂಟು ಯಾರ ಮನೆಗೂ ಹೋಗಿದ್ದನ್ನು ನಾನು ಕೇಳಿರಲಿಲ್ಲ.

ಟೀಚರ ಮನೆ ಅವರಿಗೆ ದೂರ. ಮೊಣಕಾಲು ಊದಿಕೊಂಡಿತ್ತು. ನಾನು ಓಡಿಹೋಗಿ ಚೀಲಕ್ಕೆ ಕೈ ಹಾಕಿದೆ. "ಕೊಡ್ರೀ ಅತ್ತಿ, ನಾ ಇಟ್ಟು ಬರ್ತೀನಿ."

ಅವರು ಚೀಲವನ್ನು ಎದೆಗೆ ಎಳೆದುಕೊಂಡರು.

"ಬಿಡೇ. ನೀನು ತಗೊಂಡ್ಹೋದ್ರೆ ಮತ್ತೆ ನೀನೇ ಹೋಗ್ಬೇಕಾಗತ್ತೆ" ಅಂದರು. "ಈ ಸಲ ನಾನು ಹೋಗ್ತೀನಿ."